ಗಾಂಧಿಕ್ಲಾಸ್ ಬೆಂಚಿನಿಂದ: ಮೇಜಿನ ಮೇಲಿನ ಟಾಕೀಸಿಗೆ ಎಷ್ಟು ವಾಟು?

ಸಿನಿಮಾ ನೋಡೋದು ಕಣ್ಣಿನಿಂದ ಅಂತ ಯಾರು ಹೇಳಿದ್ದು ಸ್ವಾಮಿ? ಒಂದು ಪರೀಕ್ಷೆ ಮಾಡಿ. ‘ಕೆ.ಜಿ.ಎಫ್.’ (2018) ಹಾಕಿ, ಶಬ್ದ ಪೂರ್ತಿ ನಿಲ್ಲಿಸಿ, ಹತ್ತು ನಿಮಿಷ ನೋಡಿ. ಮೈಗೆಲ್ಲ ಮಸಿ ಬಳಿದುಕೊಂಡ ಗಂಡಸರು ಧೂಳಿನಲ್ಲಿ ಓಡಾಡುತ್ತಿರುತ್ತಾರೆ, ಅಷ್ಟೇ! ಈಗ ಪರದೆಗೆ ಟವಲ್ ಮುಚ್ಚಿ, ಬರೀ ಶಬ್ದ ಕೇಳಿ.... ರವಿ ಬಸ್ರೂರು ಬಾರಿಸಿದ ಏಟಿಗೆ ಎದೆ ಢವಢವ ಅನ್ನುತ್ತೆ. 1934ರಲ್ಲಿ ‘ಸತಿ ಸುಲೋಚನ’ ಬಂದು ಕನ್ನಡ ಚಿತ್ರ ಬಾಯಿ ಬಿಟ್ಟ ಕಾಲಕ್ಕೆ ಸಿನಿಮಾಕ್ಕೆ ಇದ್ದ ಹೆಸರೇ ಟಾಕಿ. ಥಿಯೇಟರುಗಳ ಬೋರ್ಡಿನ ಮೇಲೆ ‘ಟಾಕೀಸ್’ ಅಂತ ಬರೆಸಿದ್ದು ಸುಮ್ಮನೆ ಅಲ್ಲ.

ಈಗಿನ ಹುಡುಗರ ಟಾಕೀಸು ಎಲ್ಲಿದೆ? ಮೇಜಿನ ಮೇಲೆ! ಕಂಪ್ಯೂಟರಿನ ಪರದೆ, ಎರಡೂವರೆ ಅಡಿ ದೂರಕ್ಕೆ ಒಂದು ಕುರ್ಚಿ. ಗಾಂಧಿಕ್ಲಾಸಿಗಿಂತಲೂ ಮುಂದಿನ ಸೀಟು. ಚಿತ್ರ ನೋಡಿದರೆ ಹೀರೋಯಿನ್ ಹುಬ್ಬಿನ ಕೂದಲು ಎಣಿಸಬಹುದು. ಶಬ್ದ ಮಾತ್ರ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ ಜೀರುಂಡೆಯದು!

ಈ ಸಲದ ವಿಷಯ ಸಿಕ್ಕಿದ್ದು ನಮ್ಮ ಶನಿವಾರಸಂತೆಯಲ್ಲೇ. ಕೊಡಗಿನ ಉತ್ತರದ ಅಂಚು, ಸೋಮವಾರಪೇಟೆ ತಾಲ್ಲೂಕು. ಇಲ್ಲಿಂದ ಕೊಡ್ಲಿಪೇಟೆ, ಅದನ್ನು ದಾಟಿದರೆ ಹಾಸನ ಜಿಲ್ಲೆ. ಇಲ್ಲೊಬ್ಬ ಹುಡುಗ ಇದ್ದಾನೆ. ಹೆಸರು ಹಾಕಬೇಡಿ ಅಂತ ಕೈ ಮುಗಿದಿದ್ದಾನೆ, ಹಾಕೋದಿಲ್ಲ. ಹಗಲು ಒಂದು ತೋಟದ ಕಣದಲ್ಲಿ ಕಾಫಿ ಮೂಟೆಯ ಲೆಕ್ಕ ಬರೆಯುತ್ತಾನೆ. ರಾತ್ರಿ ಹಳೇ ಕಂಪ್ಯೂಟರಿನ ಮುಂದೆ ಕೂತು ಮದುವೆ ವಿಡಿಯೋ ಕತ್ತರಿಸಿ ಜೋಡಿಸುತ್ತಾನೆ. ಒಂದು ದಿನ ಸಿನಿಮಾದ ಎಡಿಟರ್ ಆಗಬೇಕೆಂಬ ಆಸೆ. ಅವನ ಹತ್ತಿರ ಶಬ್ದ ಕೇಳೋದಕ್ಕೆ ಇದ್ದದ್ದು ಒಂದೇ ಒಂದು ಬ್ಲೂಟೂತ್ ಡಬ್ಬ, ನಮ್ಮ ತೆಂಗಿನಕಾಯಿ ಗಾತ್ರದ್ದು.

ಕಳೆದ ಸೀಸನ್ನಿನಲ್ಲಿ ಒಂದು ಮದುವೆ ವಿಡಿಯೋ ಮಾಡಿಕೊಟ್ಟ. ಇವನ ಡಬ್ಬದಲ್ಲಿ ಚೆನ್ನಾಗಿಯೇ ಇತ್ತು. ಹೆಣ್ಣಿನ ಮನೆಯವರು ಹಾಲ್‌ನಲ್ಲಿ ಟಿ.ವಿ.ಗೆ ಆ ಗೋಡೆಗೊಂದು ಈ ಗೋಡೆಗೊಂದು ದೊಡ್ಡ ಸ್ಪೀಕರ್ ಹಾಕಿಕೊಂಡವರು. ನೆಂಟರನ್ನೆಲ್ಲ ಕೂರಿಸಿಕೊಂಡು ವಿಡಿಯೋ ಹಚ್ಚಿದರೆ ಓಲಗ ಕಿವಿ ಹರಿಯುತ್ತಿದೆ, ಮಂತ್ರ ಕೇಳಿಸೋದೇ ಇಲ್ಲ. ‘ಮಂತ್ರ ಓದಿದ್ದು ನಮ್ಮ ಮನೇಲೋ ಪಕ್ಕದ ಮನೇಲೋ?’ ಅಂದರಂತೆ ಹುಡುಗಿಯ ತಂದೆ. ಕೊಡಬೇಕಾದ ದುಡ್ಡಿನಲ್ಲಿ ಎರಡು ಸಾವಿರ ಮುರಿದರು. ಇನ್ನೊಂದು ಸಲ ಹೀಗಾದರೆ ಕೆಲಸ ಕೊಡೋ ಸ್ಟುಡಿಯೋದವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಹುಡುಗನ ಕೈಯಲ್ಲಿ ಉಳಿದದ್ದು ಆರು ಸಾವಿರ ರೂಪಾಯಿ, ವರ್ಷದ ಉಳಿತಾಯ.

ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದ.

‘ಅಣ್ಣ, ಐದು ಸಾವಿರಕ್ಕೆ ಮೂರು ಸಾವಿರ ವಾಟಿನ ಹೋಂ ಥಿಯೇಟರ್ ಬರುತ್ತಂತೆ. ತಗೊಂಡ್ಬಿಡ್ಲಾ?’

‘ಮೂರು ಸಾವಿರ ವಾಟು ಅಂದ್ರೆ ಏನು ಗೊತ್ತೇನೋ ತಮ್ಮ? ಮೂರು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚಿದ ಹಾಗೆ. ಅದರ ಕರೆಂಟ್ ವೈರ್ ನೋಡಿದ್ಯಾ? ಹೂ ಕಟ್ಟೋ ದಾರದಷ್ಟಿರುತ್ತೆ. ಅದರಲ್ಲಿ ಮೂರು ಸಾವಿರ ವಾಟು ಹೇಗೋ ಹೋಗುತ್ತೆ?’

ಹುಡುಗ ತಲೆ ಕೆರೆದುಕೊಂಡ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನ್ನಂಥವನಿಗೂ ಹೊಳೆಯೋ ಲೆಕ್ಕ ಇದು. ಡಬ್ಬದ ಮೇಲೆ ಬರೆಯೋ ಆ ಸಾವಿರಗಳಿಗೆ ಪಿ.ಎಂ.ಪಿ.ಓ. ಅಂತ ಹೆಸರು. ಅದನ್ನು ಅಳೆಯೋದಕ್ಕೆ ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ, ಬರೆದವನ ಧೈರ್ಯಕ್ಕೆ ಬಿಟ್ಟದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಿ.ಎಂ.ಪಿ.ಓ. ಅನ್ನೋದು ಥಿಯೇಟರ್ ಮುಂದಿನ ಅರವತ್ತು ಅಡಿ ಕಟೌಟು. ಆರ್.ಎಂ.ಎಸ್. ಅಂತ ಬರೆದಿರುತ್ತಾರಲ್ಲ, ಅದು ಕಟೌಟಿನ ಹಿಂದಿರೋ ಐದೂವರೆ ಅಡಿ ಮನುಷ್ಯ. ಮದುವೆ ಆಗೋದು ಮನುಷ್ಯನನ್ನು ತಾನೆ!

ಹಾಗಾದರೆ ಮೇಜಿನ ಟಾಕೀಸಿಗೆ ಎಷ್ಟು ವಾಟು ಬೇಕು? ಉತ್ತರ ಕೇಳಿದರೆ ನಂಬೋದಿಲ್ಲ. ಸಾಧಾರಣ ಸ್ಪೀಕರೊಂದಕ್ಕೆ ಬರೀ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಆಸುಪಾಸು ಕೇಳಿಸುತ್ತೆ. ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿಯುವವನ ಕಿವಿಗೆ ಅದಕ್ಕಿಂತ ಜಾಸ್ತಿ ಬೀಳಬಾರದು ಅಂತ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೇಳುವ ಮಿತಿ ಅದು. ನೀವು ಕೂತಿರೋದು ಒಂದು ಮೀಟರಿಗಿಂತಲೂ ಹತ್ತಿರ. ಅಂದರೆ ರಾತ್ರಿ ಹೊತ್ತು ಮನೆಯವರು ಬೈಯದ ಹಾಗೆ ಸಿನಿಮಾ ನೋಡೋವಾಗ ನಿಮ್ಮ ಆಂಪ್ಲಿಫೈಯರ್ ಹೊರಗೆ ಹಾಕುತ್ತಿರೋದು ಅರ್ಧ ವಾಟೂ ಅಲ್ಲ! ಫೈಟಿಂಗ್ ಸೀನಿನಲ್ಲಿ ಢಮ್ ಅಂದಾಗ ಮಾತ್ರ ಐದು, ಹತ್ತು ಬೇಕಾಗಬಹುದು.

ಇನ್ನೊಂದು ತಮಾಷೆ ಇದೆ. ವಾಟು ಎರಡರಷ್ಟಾದರೆ ಶಬ್ದ ಎರಡರಷ್ಟಾಗೋದಿಲ್ಲ. ಬರೀ 3 ಡೆಸಿಬಲ್ ಏರುತ್ತೆ, ಗಮನ ಇಟ್ಟು ಕೇಳಿದರೆ ಗೊತ್ತಾಗುವಷ್ಟು. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಹತ್ತರಷ್ಟು ವಾಟ್ ಬೇಕು. 25 ವಾಟಿನ ಬದಲು 50 ವಾಟಿಗೆ ಎರಡು ಸಾವಿರ ಜಾಸ್ತಿ ಕೊಡ್ತೀರಲ್ಲ, ಆ ಎರಡು ಸಾವಿರ ಈ 3 ಡೆಸಿಬಲ್ಲಿಗೆ.

ಈಗ ಅಂಗೈಯಷ್ಟಗಲದ ಸಣ್ಣ ಆಂಪ್ಲಿಫೈಯರುಗಳ ಕತೆಗೆ ಬರೋಣ. ಹಳೇ ಕಾಲದ ಆಂಪ್ಲಿಫೈಯರು ಕರೆಂಟಿನಲ್ಲಿ ಅರ್ಧದಷ್ಟನ್ನು ಬಿಸಿಯಾಗಿಯೇ ಕಳೆಯುತ್ತಿತ್ತು. ಅದಕ್ಕೇ ಅದರ ಬೆನ್ನ ಮೇಲೆ ಬಾಚಣಿಗೆಯಂಥ ಅಲ್ಯೂಮಿನಿಯಂ, ಹೊಟ್ಟೆಯಲ್ಲಿ ಇಟ್ಟಿಗೆಯಷ್ಟು ಟ್ರಾನ್ಸ್‌ಫಾರ್ಮರು. ಹೊಸದು ಬೇರೆ ಜಾತಿ, ಕ್ಲಾಸ್ ಡಿ ಅಂತಾರೆ. ಅದು ಮಾಡೋದು ಆನ್-ಆಫ್, ಆನ್-ಆಫ್, ಅಷ್ಟೇ. ಸೆಕೆಂಡಿಗೆ ನಾಲ್ಕು ಲಕ್ಷ ಸಲ! ರೀಲಿನಲ್ಲಿ ಏನಿರುತ್ತೆ? ಸೆಕೆಂಡಿಗೆ 24 ನಿಂತ ಚಿತ್ರಗಳು. ಕಣ್ಣಿಗೆ ಅಣ್ಣಾವ್ರು ಓಡಿಬಂದ ಹಾಗೇ ಕಾಣುತ್ತೆ. ಇದೂ ಹಾಗೇನೇ, ಕಿವಿಗೆ ಸಲೀಸಾದ ರಾಗ. ಬಿಸಿಯಾಗೋದು ಕಡಿಮೆಯಾದ್ದರಿಂದ ಮೈ ಸಣ್ಣದು.

ಈ ಜಾತಿಯನ್ನು ಬಡವರ ಮನೆಗೆ ತಂದದ್ದು ಅಮೆರಿಕದ ಟ್ರೈಪಾತ್ ಅನ್ನೋ ಕಂಪನಿ. ಅದರ ಟಿಎ2020 ಚಿಪ್ಪನ್ನು ದುನಿಯಾ ಬದಲಿಸಿದ 25 ಚಿಪ್ಪುಗಳಲ್ಲಿ ಒಂದು ಅಂತ 2009ರಲ್ಲಿ ‘ಐಇಇಇ ಸ್ಪೆಕ್ಟ್ರಂ’ ಪತ್ರಿಕೆ ಆರಿಸಿತು. ಅಷ್ಟು ಹೊತ್ತಿಗೆ ಕಂಪನಿ ದಿವಾಳಿಯಾಗಿ ಎರಡು ವರ್ಷ ಆಗಿತ್ತು! ಪ್ರಶಸ್ತಿ ಬರೋ ಹೊತ್ತಿಗೆ ನಿರ್ಮಾಪಕ ಮನೆ ಮಾರಿರೋ ಕತೆ ಗಾಂಧಿನಗರದಲ್ಲಿ ಮಾತ್ರ ಅಲ್ಲ ನೋಡಿ. ಈಗ ಸಣ್ಣ ಡಬ್ಬಗಳಲ್ಲಿ ಹೆಚ್ಚಾಗಿ ಕಾಣೋದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಟಿಪಿಎ3116. ದೊಡ್ಡದು ಬೇಕಂದವರಿಗೆ ಟಿಪಿಎ3255.

ಚಿಪ್ಪಿನ ಹೆಸರು ಹೇಳಿ ಅಂಗಡಿಯವನು ‘ಐವತ್ತು ಪ್ಲಸ್ ಐವತ್ತು’ ಅಂತ ಹಾಡು ಶುರು ಮಾಡ್ತಾನೆ. ಸುಳ್ಳಲ್ಲ, ಕಂಪನಿಯ ಕಾಗದದಲ್ಲೇ ಇದೆ. ಆದರೆ ಪೂರ್ತಿ ಓದಬೇಕು: 21 ವೋಲ್ಟ್ ಕೊಟ್ಟು, 4 ಓಮಿನ ಸ್ಪೀಕರ್ ಹಾಕಿದಾಗ 50. ಅದೇ 8 ಓಮಿನ ಸ್ಪೀಕರಿಗೆ 24 ವೋಲ್ಟ್ ಕೊಟ್ಟರೂ 30. ಹಾಗಾಗಿ ಅಂಗಡಿಯಲ್ಲಿ ಆಂಪ್ಲಿಫೈಯರ್ ಆಮೇಲೆ ನೋಡಿ, ಮೊದಲು ಅಡಾಪ್ಟರ್ ತಿರುಗಿಸಿ ನೋಡಿ. ‘12 ವೋಲ್ಟ್ 2 ಆಂಪಿಯರ್’ ಅಂತಿದೆಯೇ? ಹನ್ನೆರಡು ಎರಡಲಿ 24 ವಾಟು. ಬಾವಿಯಲ್ಲಿ 24 ಕೊಡ ನೀರಿದ್ದರೆ ನೂರು ಕೊಡ ಸೇದೋದು ಹೇಗೆ?

ಸ್ಪೀಕರಿಗೆ ನಿಜವಾಗಿ ಎಷ್ಟು ಹೋಗಬಹುದು ಅನ್ನೋದಕ್ಕೂ ಲೆಕ್ಕ ಇದೆ, ಬೆರಳಲ್ಲೇ ಮಾಡಬಹುದು. ಅಡಾಪ್ಟರಿನ ವೋಲ್ಟನ್ನು ಅದರಿಂದಲೇ ಗುಣಿಸಿ. ಸ್ಪೀಕರಿನ ಬೆನ್ನ ಮೇಲೆ ಬರೆದಿರೋ ಓಮಿನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟು, 8 ಓಮ್ ಆದರೆ 144 ಭಾಗಿಸು 16, ಒಂದು ಕಡೆಗೆ 9 ವಾಟು. 19 ವೋಲ್ಟ್ ಆದರೆ ಇಪ್ಪತ್ತೆರಡೂವರೆ. ಇದು ಗರಿಷ್ಠ ಲೆಕ್ಕ, ಸಿಗೋದು ಒಂದಿಷ್ಟು ಕಡಿಮೆ. 19 ವೋಲ್ಟ್ ಯಾಕೆ ಹೇಳಿದೆ ಗೊತ್ತೇ? ಸತ್ತ ಲ್ಯಾಪ್‌ಟಾಪುಗಳ ಬದುಕಿರೋ ಚಾರ್ಜರುಗಳು ಊರೂರಿನ ರಿಪೇರಿ ಅಂಗಡಿಯಲ್ಲಿ ಬಿದ್ದಿವೆ. ಅವುಗಳಲ್ಲಿ ಬಹಳಷ್ಟು 19 ವೋಲ್ಟಿನವು, 65 ವಾಟಿನವು. 3116 ಚಿಪ್ಪು 26 ವೋಲ್ಟಿನವರೆಗೆ ತಡೆಯುತ್ತೆ. ಆದರೆ ಡಬ್ಬದ ಮೇಲೆ 24ರವರೆಗೆ ಹಾಕಬಹುದು ಅಂತ ಬರೆದಿದ್ದರೆ ಮಾತ್ರ ಹಾಕಿ. ಪಿನ್ನಿನ ಒಳಗೆ ಪ್ಲಸ್ ಇದೆಯೋ ಮೈನಸ್ ಇದೆಯೋ ಮೀಟರ್ ಹಿಡಿದು ನೋಡಿ.

ಸೋಲ್ಡರ್ ಹಿಡಿಯೋ ಹುಡುಗರು ಕೇಳ್ತೀರಿ, ‘4440 ಬೋರ್ಡ್ ಸಾಕಲ್ವಾ?’ ಸ್ಯಾನ್ಯೋ ಕಂಪನಿಯ ಆ ಐ.ಸಿ. ನಮ್ಮ ಎಷ್ಟು ಟೇಪ್ ರೆಕಾರ್ಡರುಗಳಲ್ಲಿ ಹಾಡಿಲ್ಲ! ‘ಪ್ರೇಮಲೋಕ’ದ (1987) ಹಂಸಲೇಖ ಹಾಡುಗಳನ್ನು ಆಟೋಗಳಲ್ಲಿ, ಟೀ ಅಂಗಡಿಗಳಲ್ಲಿ ಜನ ಕೇಳಿದ್ದು ಅಂಥ ಬೋರ್ಡುಗಳ ದಯದಿಂದ. ಒಂದೊಂದು ಕಡೆಗೆ 6 ವಾಟು, ಮೇಜಿಗೆ ಧಾರಾಳ. ಆದರೆ ಅದರ ಗುಂಯ್‌ಗುಡುವಿಕೆ ಟೀ ಅಂಗಡಿಯಲ್ಲಿ ಗೊತ್ತಾಗುತ್ತಿರಲಿಲ್ಲ, ಮೂಗಿನ ಮುಂದೆ ಗೊತ್ತಾಗುತ್ತೆ. ಮತ್ತೊಂದು ಎಚ್ಚರಿಕೆ, ಇದನ್ನು ಗೋಡೆಗೆ ಬರೆದು ಅಂಟಿಸಿ: ಹಳೇ ಡೆಕ್ಕಿನ ಕಾಲದಲ್ಲಿ ಎರಡು ಸ್ಪೀಕರಿನ ಮೈನಸ್ ವೈರನ್ನೂ ಒಟ್ಟಿಗೆ ಸೇರಿಸಿ ಒಂದೇ ವೈರ್ ಎಳೆಯುತ್ತಿದ್ದರು. ಹೊಸ ಕ್ಲಾಸ್ ಡಿ ಆಂಪ್ಲಿಫೈಯರಿಗೆ ಹಾಗೆ ಮಾಡಬೇಡಿ. ಅದರ ಮೈನಸ್ಸು ಭೂಮಿಯಲ್ಲ, ಅದರಲ್ಲೂ ಸಿಗ್ನಲ್ ಇದೆ. ಸೇರಿಸಿದರೆ ಚಿಪ್ಪು ಹೊಗೆಯಾದೀತು.

ಮೂಗಿನ ಮುಂದೆ ಅಂದೆನಲ್ಲ, ಮೇಜಿನ ಆಂಪ್ಲಿಫೈಯರಿಗೂ ಹಾಲ್‌ನದ್ದಕ್ಕೂ ಇರೋ ವ್ಯತ್ಯಾಸ ಪೂರ್ತಿ ಅದರಲ್ಲಿದೆ. ಹತ್ತಡಿ ದೂರದಲ್ಲಿ ಕೇಳಿಸದ ‘ಸ್...’ ಅನ್ನೋ ಸದ್ದು ಎರಡಡಿಯಲ್ಲಿ ಕೇಳಿಸುತ್ತೆ. ಅಂಗಡಿಯಲ್ಲಿ ಹಾಡು ಜೋರಾಗಿ ಹಾಕಿ ತೋರಿಸ್ತಾರೆ. ನೀವು ಹಾಡು ನಿಲ್ಲಿಸಿ, ಸ್ಪೀಕರಿನ ಹತ್ತಿರ ಕಿವಿ ತನ್ನಿ. ಆಮೇಲೆ ವಾಲ್ಯೂಮನ್ನು ಅತೀ ಸಣ್ಣಗೆ ಇಡಿ. ಅಗ್ಗದ ಡಬ್ಬಗಳ ವಾಲ್ಯೂಮ್ ತಿರುಪು ಶುರುವಿನಲ್ಲಿ ಒಂದೇ ಕಡೆ ಬಿಡುತ್ತೆ. ಎಡಗಡೆ ಹಾಡ್ತಿರುತ್ತೆ, ಬಲಗಡೆ ಮೌನವ್ರತ! ಜೋರಾಗಿ ಕೇಳುವವನಿಗೆ ಅದು ಗೊತ್ತೇ ಆಗೋದಿಲ್ಲ. ನೀವು ದಿನಾ ಕೇಳೋದೇ ಆ ಸಣ್ಣ ವಾಲ್ಯೂಮಿನಲ್ಲಿ.

ಬ್ಲೂಟೂತ್ ಇದ್ದರೆ ಇರಲಿ, ಅದಕ್ಕೆಂದೇ ದುಡ್ಡು ಹಾಕಬೇಡಿ. ಶಬ್ದ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ತಡವಾಗಿ ಬರುತ್ತೆ. ಹಾಡಿಗೆ ಪರವಾಗಿಲ್ಲ. ಸಿನಿಮಾದಲ್ಲಿ ಹೀರೋ ಬಾಯಿ ಮುಚ್ಚಿದ ಮೇಲೆ ಡೈಲಾಗ್ ಬರುತ್ತೆ, ಕೆಟ್ಟ ಡಬ್ಬಿಂಗ್ ಥರ! ವಿಎಲ್‌ಸಿ ಪ್ಲೇಯರಿನಲ್ಲಿ ಜೆ ಮತ್ತು ಕೆ ಅಕ್ಷರ ಒತ್ತಿ ಶಬ್ದವನ್ನು ಹಿಂದೆ ಮುಂದೆ ಸರಿಸಬಹುದು, ಸರಿ. ಆದರೆ ಎಡಿಟಿಂಗ್ ಮಾಡುವವನು ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಕೂರಿಸೋದು ಹೇಗೆ? ಅವನಿಗೆ ವೈರೇ ಗತಿ. ಕಂಪ್ಯೂಟರಿನ ಹಿಂದಿನ ಹಸಿರು ತೂತಿನಿಂದ ವೈರ್ ಎಳೆದರೆ ಸಾಕು. ಮೌಸ್ ಆಡಿಸಿದಾಗೆಲ್ಲ ಸ್ಪೀಕರಿನಲ್ಲಿ ಚಿರಿಚಿರಿ ಅಂದರೆ ಮಾತ್ರ ಯು.ಎಸ್.ಬಿ.ಗೆ ಸಿಕ್ಕಿಸೋ ಸಣ್ಣ ಡ್ಯಾಕ್ ತನ್ನಿ.

ಇನ್ನು ಸ್ಟೀರಿಯೋ. ಇದು ಹುಟ್ಟಿದ್ದೇ ಸಿನಿಮಾ ಥಿಯೇಟರಿನಲ್ಲಿ ಅಂದರೆ ನಂಬ್ತೀರಾ? 1931ರಲ್ಲಿ ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಹೆಂಡತಿ ಜೊತೆ ಪಿಕ್ಚರಿಗೆ ಹೋಗಿದ್ದನಂತೆ. ನಟ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋದ, ದನಿ ಮಾತ್ರ ಇದ್ದಲ್ಲೇ ಇತ್ತು. ‘ಇದನ್ನು ಸರಿ ಮಾಡೋ ಉಪಾಯ ನನ್ನ ಹತ್ತಿರ ಇದೆ’ ಅಂತ ಹೆಂಡತಿಗೆ ಹೇಳಿದ ಅನ್ನೋದು ಪ್ರಸಿದ್ಧ ಕತೆ. ಆ ವರ್ಷದ ಡಿಸೆಂಬರಿನಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ. 1942ರಲ್ಲಿ ಯುದ್ಧಕಾಲದ ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಬಿದ್ದು ಸತ್ತ. ಇನ್ನೂ 38 ವಯಸ್ಸು, ಪಾಪ.

ನಮ್ಮ ಹಳೇ ಹಾಡುಗಳು ಸ್ಟೀರಿಯೋ ಅಲ್ಲ, ಮಾನೋ. ಎರಡು ಕಿವಿಗೂ ಒಂದೇ. ಅಯ್ಯೋ, ಎರಡು ಸ್ಪೀಕರ್ ದಂಡ ಅನ್ನಬೇಡಿ. ಅದೇ ನಿಮ್ಮ ಪರೀಕ್ಷಕ! ‘ಭಕ್ತ ಕನಕದಾಸ’ದ (1960) ಪಿ.ಬಿ. ಶ್ರೀನಿವಾಸ್ ಹಾಡೊಂದನ್ನು ಹಾಕಿ. ಎಫೆಕ್ಟ್ ಗಿಫೆಕ್ಟ್ ಸೇರಿಸಿದ ಪ್ರತಿ ಬೇಡ, ಮೂಲದ್ದೇ ಇರಲಿ. ಎರಡು ಸ್ಪೀಕರಿನ ನಡುವೆ, ಸರಿಯಾಗಿ ಪರದೆಯ ಮಧ್ಯದಲ್ಲಿ, ಪಿ.ಬಿ.ಎಸ್. ಬಂದು ನಿಲ್ಲಬೇಕು. ಅಲ್ಲಿ ಸ್ಪೀಕರ್ ಇಲ್ಲ, ದನಿ ಇದೆ! ಒಂದು ಪಕ್ಕಕ್ಕೆ ವಾಲಿದರೆ ವಾಲ್ಯೂಮ್ ತಿರುಪಿನ ದೋಷ, ಇಲ್ಲವೇ ನೀವು ಕೂತ ಜಾಗ ಸರಿಯಿಲ್ಲ. ದನಿ ಎಲ್ಲಿಂದ ಬರ್ತಿದೆ ಅಂತಲೇ ತಿಳಿಯದೆ ತೆಳ್ಳಗೆ ಹರಡಿಕೊಂಡರೆ, ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲು ಬದಲಾಗಿದೆ. ವೈರ್ ತಿರುಗಿಸಿ ಹಾಕಿ, ಮತ್ತೆ ಕೇಳಿ.

ನಮ್ಮ ಹುಡುಗನ ಚಿಕ್ಕಪ್ಪನ ಮನೆ ಅಟ್ಟದ ಮೇಲೆ ತೊಂಬತ್ತರ ದಶಕದ ಡೆಕ್ಕಿನ ಎರಡು ಮರದ ಸ್ಪೀಕರ್ ಇದ್ದವು. ಡೆಕ್ಕು ಸತ್ತು ಎಷ್ಟೋ ವರ್ಷ. ಇಳಿಸಿ ಧೂಳು ಕೊಡವಿದೆವು. ಬೆನ್ನ ಮೇಲೆ 6 ಓಮ್. ಕಾಗದದ ಕೋನಿನ ಸುತ್ತ ಇರೋ ಅಂಚು ಬಟ್ಟೆಯದಾದ್ದರಿಂದ ಉಳಿದಿತ್ತು. ಸ್ಪಂಜಿನದಾಗಿದ್ದರೆ ನಮ್ಮ ಕಡೆಯ ತೇವಕ್ಕೆ ಎಂದೋ ಉದುರಿ ಹೋಗಿರುತ್ತಿತ್ತು. ಮನೆಯಲ್ಲಿ ಇಂಥ ಜೋಡಿ ಇರುವವರಿಗೆ ಬೇರೆ ಆಂಪ್ಲಿಫೈಯರ್ ಕೊಳ್ಳೋದು ಲಾಭ. ಸ್ಪೀಕರೂ ಇಲ್ಲ ಅಂದರೆ ಒಳಗೇ ಆಂಪ್ಲಿಫೈಯರ್ ಇರೋ ಜೋಡಿ ಸ್ಪೀಕರ್ ತಗೊಳ್ಳಿ, ಬೇರೆ ಬೇರೆ ತಂದು ಜೋಡಿಸೋ ಖಯಾಲಿ ಆಮೇಲೆ. ಆದರೆ ಒಂದು ಬೂಮ್ ಡಬ್ಬ, ಎರಡು ಕಡಲೆಕಾಯಿ ಇರೋ ಸೆಟ್ ಎಡಿಟಿಂಗಿಗೆ ಬೇಡ. ಬೂಮ್ ಮಾತ್ರ ಕೇಳುತ್ತೆ, ಮನುಷ್ಯನ ದನಿ ಇರೋ ಮಧ್ಯದ ಭಾಗ ಹಾಳುಬಿದ್ದ ಊರು.

ಮಲೆನಾಡು, ಕೊಡಗಿನ ಹುಡುಗರಿಗೆ ಎರಡು ಮಾತು ಜಾಸ್ತಿ. ಸಂಜೆ ಬಲ್ಬು ಕೆಂಪಗಾಗೋ ಊರಿನಲ್ಲಿ ಹಳೇ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರ್ ಗೊರಗುಟ್ಟುತ್ತೆ. ಹೊಸ ಅಡಾಪ್ಟರ್ ಮೇಲೆ ‘100-240’ ಅಂತ ಬರೆದಿದ್ದರೆ ವೋಲ್ಟೇಜ್ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಾ? ಮನೆಯ ಅರ್ಥ್ ಸತ್ತಿದೆ ಅಂತ ಅರ್ಥ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಮೊದಲು ಸರಿ ಮಾಡಿಸಿ, ಆಂಪ್ಲಿಫೈಯರ್ ಮುಂದಿನ ತಿಂಗಳು ಬರಲಿ. ಗುಂಯ್ ಶಬ್ದ ಹೋಗಲಿ ಅಂತ ಮೂರನೇ ಪಿನ್ ಮುರಿಯೋ ಪಂಡಿತರ ಮಾತು ಕೇಳಬೇಡಿ, ಜೀವಕ್ಕೆ ಅಪಾಯ. ಕಂಪ್ಯೂಟರು, ಆಂಪ್ಲಿಫೈಯರು ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಬಹಳ ಸಲ ಗುಂಯ್ ಕಡಿಮೆಯಾಗುತ್ತೆ. ಏಪ್ರಿಲ್-ಮೇ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಜೂನ್ ಮಳೆ ಹಿಡಿದ ಮೇಲೆ ತಾಮ್ರದ ವೈರ್ ತುದಿ ಹಸಿರಾಗುತ್ತೆ, ತಿಂಗಳಿಗೊಮ್ಮೆ ಬಿಚ್ಚಿ, ಕೆರೆದು, ಬಿಗಿ ಮಾಡಿ. ದಿನಾ ಒಂದಿಷ್ಟು ಹೊತ್ತು ಹಾಡಿಸಿ, ಒಳಗೆ ಬೆಚ್ಚಗಿದ್ದರೆ ತೇವ ಕೂರೋದಿಲ್ಲ.

ಹುಡುಗ ತಂದದ್ದು 3116 ಚಿಪ್ಪಿನ ಸಣ್ಣ ಡಬ್ಬ, ಮೂರು ಸಾವಿರದೊಳಗೆ ಮುಗಿಯಿತು. ಚಾರ್ಜರ್ ರಿಪೇರಿ ಅಂಗಡಿಯದು. ಸ್ಪೀಕರಿನ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟ, ಮೇಜು ಗಡಗಡ ಅನ್ನದ ಹಾಗೆ. ಮೂತಿಯನ್ನು ಕಿವಿಯ ಕಡೆ ಓರೆ ಮಾಡಿದೆವು. ಮೊದಲು ಪಿ.ಬಿ.ಎಸ್. ಬಂದು ನಡುವೆ ನಿಂತರು. ಆಮೇಲೆ ಆ ಬೈಸಿಕೊಂಡ ಮದುವೆ ವಿಡಿಯೋ ಹಾಕಿದ.

ಹಾಕಿದ್ದೇ ತಡ, ‘ಅಣ್ಣ! ಪುರೋಹಿತರು ಎಡಗಡೆ ಮೂಲೆಗೆ ಹೋಗಿ ಕೂತವ್ರೆ!’ ಅಂತ ಕೂಗಿದ.

ನಿಜ! ಓಲಗ ಎರಡೂ ಕಡೆ ಇದೆ, ಮಂತ್ರ ಬರೀ ಎಡಗಡೆ ಸ್ಪೀಕರಿನಲ್ಲಿ. ಪುರೋಹಿತರ ಶಲ್ಯಕ್ಕೆ ಸಿಕ್ಕಿಸಿದ್ದ ಮೈಕು ಕ್ಯಾಮೆರಾದ ಒಂದೇ ಚಾನಲ್ಲಿಗೆ ರೆಕಾರ್ಡ್ ಆಗಿತ್ತು. ಒಂಟಿ ಬ್ಲೂಟೂತ್ ಡಬ್ಬ ಎಡಬಲ ಎರಡನ್ನೂ ಕಲಸಿ ಒಂದೇ ಉಂಡೆ ಮಾಡಿ ಕೊಡುತ್ತಿದ್ದದ್ದರಿಂದ ಇವನಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಹೆಣ್ಣಿನ ಮನೆಯ ಹಾಲ್‌ನಲ್ಲಿ ನೆಂಟರು ಕೂತದ್ದು ಬಲಗಡೆ ಸ್ಪೀಕರಿನ ಬುಡದಲ್ಲಿ, ಮಂತ್ರ ಎದುರು ಗೋಡೆಯಲ್ಲಿ!

ಆ ರಾತ್ರಿಯೇ ಮಂತ್ರವನ್ನು ಎರಡೂ ಕಡೆಗೆ ಹಂಚಿ, ಓಲಗ ಒಂದು ಮೆಟ್ಟಿಲು ಇಳಿಸಿ, ಹೊಸ ಪ್ರತಿ ಮಾಡಿ ಕೊಟ್ಟು ಬಂದ. ಮುರಿದ ಎರಡು ಸಾವಿರ ವಾಪಸ್ ಬಂದಿಲ್ಲ. ಕೊಡ್ಲಿಪೇಟೆ ಕಡೆಯ ಎರಡು ಮದುವೆ ಮಾತ್ರ ಅದೇ ಸ್ಟುಡಿಯೋದಿಂದ ಬಂದಿವೆ. ಉಳಿದ ಮೂರು ಸಾವಿರದಲ್ಲಿ, ಮನೆಯವರು ಮಲಗಿದ ಮೇಲೆ ಕೆಲಸ ಮಾಡೋದಕ್ಕೆ ಒಂದು ಹೆಡ್‌ಫೋನ್ ಬೇಕಂತೆ. ಯಾವುದು ಅಂತ ಕೇಳಿದ್ದಾನೆ. ಅದು ಮುಂದಿನ ವಾರಕ್ಕೆ.